ಹುಣಸೆ ಮರದಿಂದ ಹದಿನೇಳು ಹೆಜ್ಜೆ

ನನಗೆ ಕಾಯುವ ಗುಣ ಇಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ತಡವಾದರೆ ಸಿಕ್ಕ ಕಂಡಕ್ಟರನ ಮೇಲೆ ಹರಿಹಾಯುತ್ತೇನೆ. ಹಾನಗಲ್ಲಿನಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿಕೊಂಡು ನನ್ನದೊಂದು ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ; ಅಲ್ಲಿಗೆ ಬರುವವರಿಗೆಲ್ಲ ಅಂಗಡಿಯ ಅಕ್ಕನ ಬಾಯಿ ಗೊತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನು ಎಂದು ಅವ್ವ ನನಗೆ ಸಣ್ಣಂದಿನಿಂದ ಹೇಳುತ್ತಲೇ ಬಂದಿದ್ದಾಳೆ. ನಾನು ಕೊಯ್ದದ್ದು ನನ್ನ ಮೂಗಾಗಿದ್ದರೆ ಚಿಂತೆ ಇರಲಿಲ್ಲ. ನಾನು ಹಾಳು ಮಾಡಿದ್ದು ನನ್ನ ಮಾಸ್ತರರ ತಾಯಿ ಮಲಗಿದ ಜಾಗದ ಗುರುತನ್ನು.

ಮಾಸ್ತರರೆಂದರೆ ಹಂಸಭಾವಿಯ ಸಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು. ಮೂಲ ಸವಣೂರು, ನಿವೃತ್ತರಾದ ಮೇಲೆ ಅಲ್ಲಿಗೇ ಮರಳಿದರು. ಅವರ ಅಪ್ಪ ಎಲೆತೋಟದಲ್ಲಿ ದುಡಿಯುತ್ತ, ತಮ್ಮ ಓಣಿಯ ಸಣ್ಣ ಖಬರಸ್ತಾನದ ಉಸ್ತುವಾರಿಯನ್ನೂ ನೋಡುತ್ತಿದ್ದರಂತೆ. ಅಲ್ಲಿ ಬಹಳಷ್ಟು ಗೋರಿಗಳಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಮಣ್ಣಿನ ದಿಬ್ಬವಷ್ಟೇ; ನಾಲ್ಕು ಮಳೆಗಾಲ ಕಳೆದರೆ ಅದೂ ಇರುವುದಿಲ್ಲ. ಅದಕ್ಕೇ ಯಾರನ್ನು ಎಲ್ಲಿಟ್ಟರು ಎಂಬುದನ್ನು ಆ ಅಪ್ಪ ಉರ್ದುವಿನಲ್ಲಿ ಬರೆದಿಡುತ್ತಿದ್ದರು. ಬಾಗಿಲ ಹತ್ತಿರದ ಹುಣಸೆ ಮರದಿಂದ ಪಡುವಲಕ್ಕೆ ಇಷ್ಟು ಹೆಜ್ಜೆ, ಅಲ್ಲಿಂದ ಬಡಗಲಕ್ಕೆ ಇಷ್ಟು ಹೆಜ್ಜೆ, ಇಂಥವರ ಮಗ, ಇಂಥವರ ಹೆಂಡತಿ. ಅಪ್ಪ ಹೋದ ಮೇಲೆ ಮಾಸ್ತರರು ಬರೆದರು. ಹೀಗೆ ಮೂರು ಪುಸ್ತಕಗಳಾಗಿದ್ದವು. ಹಬ್ಬಕ್ಕೆ ಪರ ಊರಿನಿಂದ ಬಂದವರು ಮೊದಲು ಮಾಸ್ತರರ ಮನೆಗೆ ಬಂದು, ನಮ್ಮ ಅಜ್ಜ ಎಲ್ಲಿದ್ದಾನೆ ಎಂದು ಕೇಳಿ, ಆಮೇಲೆ ಖಬರಸ್ತಾನದ ದಾರಿ ಹಿಡಿಯುತ್ತಿದ್ದರು.

ನಾವು ಲಿಂಗಾಯತರೂ ಹೂಳುವ ಮಂದಿಯೇ. ನಮ್ಮಪ್ಪ ನಮ್ಮ ಹೊಲದ ಬದುವಿನಲ್ಲಿದ್ದಾನೆ, ಬನ್ನಿ ಗಿಡ ನೋಡಿದರೆ ಸಾಕು, ಜಾಗ ಗೊತ್ತಾಗುತ್ತದೆ. ಹಾಗಾಗಿ ಆ ಪುಸ್ತಕಗಳ ಬೆಲೆ ಏನೆಂದು ಮಾಸ್ತರರು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು, ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. ಕಣ್ಣು ಪೂರ್ತಿ ಹೋಗುವುದರೊಳಗೆ ನಾನು ಓದಿ ಹೇಳುತ್ತೇನೆ, ನೀನು ಕನ್ನಡದಲ್ಲಿ ಟೈಪ್ ಮಾಡಿಕೊಡು ಎಂದರು. ನಾನು ಒಪ್ಪಿಕೊಂಡೆ.

ಅದಕ್ಕೆಂದೇ ಹುಬ್ಬಳ್ಳಿಯ ಹಳೆಯ ಲ್ಯಾಪ್‌ಟಾಪ್ ಅಂಗಡಿಯಿಂದ ಒಂದನ್ನು ತಂದೆ. ಯಾವುದೋ ಕಂಪನಿ ತನ್ನ ಜನರಿಗೆ ಕೊಟ್ಟು, ಹಳತಾದ ಮೇಲೆ ಮಾರಿದ ಮಾಲು ಅದು. ಕಪ್ಪು ಬಣ್ಣ, ರುಬ್ಬುವ ಕಲ್ಲಿನಷ್ಟು ಭಾರ. ಬೆನ್ನಿಗೆ ಕಂಪನಿಯ ನಂಬರಿನ ಚೀಟಿ ಕಿತ್ತ ಅಂಟು ಹಾಗೇ ಇತ್ತು. ವಾರಕ್ಕೊಂದು ದಿನ ಅಂಗಡಿ ಮುಚ್ಚಿ ಅದನ್ನು ಹೆಗಲಿಗೆ ಹಾಕಿಕೊಂಡು, ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ, ಸವಣೂರಿಗೆ ಹೋಗುತ್ತಿದ್ದೆ. ಮಾಸ್ತರರು ಭೂತಗನ್ನಡಿ ಹಿಡಿದು ಉರ್ದು ಓದಿ ಕನ್ನಡದಲ್ಲಿ ಹೇಳುವರು, ನಾನು ಬಡಿಯುವೆ. ಅವರ ಸೊಸೆ ತಾಟಿನಲ್ಲಿ ತಿನ್ನಲು ಸವಣೂರಿನ ಕುರುಕಲು ಖಾರ ಇಟ್ಟು ಹೋಗುವಳು.

ಪ್ರತಿ ಹಾಳೆಯ ತಲೆಗೂ ಅವರ ಅಪ್ಪ 'ಬಿಸ್ಮಿಲ್ಲಾ' ಎಂದು ದೇವರ ಹೆಸರು ಬರೆದಿದ್ದರು. ಹಾಳೆ ಬದಲಾದಾಗಲೆಲ್ಲ ಮಾಸ್ತರರು ಅದನ್ನು ಪೂರ್ತಿ ಹೇಳುವರು, ನಾನು ಪೂರ್ತಿ ಟೈಪ್ ಮಾಡಬೇಕು. ಮೊದಲ ಹಾಳೆಗೆ ಒಮ್ಮೆ ಹಾಕಿದರೆ ಸಾಲದೇ ಎಂದು ನಾನು ಗೊಣಗಿದ್ದೂ ಉಂಟು. ಅವರು ನಕ್ಕು, ನೀನು ಹಣೆಗೆ ವಿಭೂತಿ ಒಂದೇ ದಿನ ಹಚ್ಚಿಕೊಂಡು ಬಿಟ್ಟಿಯೇನು ಎಂದು ಕೇಳಿದ್ದರು. ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದೆ.

ಒಂದು ದಿನ ಓದುತ್ತಾ ಓದುತ್ತಾ ನಿಲ್ಲಿಸಿದರು. ನೀರು ತರಿಸಿ ಕುಡಿದರು. ಅದು ಅವರ ತಾಯಿಯ ಸಾಲು. ಅವರಿಗೆ ಮೂರು ವರ್ಷವಿದ್ದಾಗ ತೀರಿಕೊಂಡ ತಾಯಿ; ಮುಖ ನೆನಪಿಲ್ಲ, ಫೋಟೋ ಇಲ್ಲ, ಇರುವುದು ಅಪ್ಪ ಬರೆದ ಆ ಒಂದೇ ಸಾಲು. ತಾವು ಸತ್ತರೆ ಅವ್ವನ ಮಗ್ಗುಲಲ್ಲೇ ಇಡಬೇಕೆಂದು ಮನೆಯವರಿಗೆ ಹೇಳಿಟ್ಟಿರುವುದಾಗಿ ಅವತ್ತು ನನಗೂ ಹೇಳಿದರು. ಹಾಂ ಹೂಂ ಎಂದೆ. ಶಿಗ್ಗಾಂವಿಯಿಂದ ಹಾನಗಲ್ಲಿಗೆ ಹೊರಡುವ ಬಸ್ಸು ತಪ್ಪುತ್ತದೆಂಬ ಗಡಿಬಿಡಿ ನನಗೆ. ಮುಂದ ಹೇಳ್ರಿ ಸರ್ ಎಂದೆ. ಅವರು ಹೇಳಿದರು. ನಾನು ಟೈಪ್ ಮಾಡಿದೆ.

ಟೈಪಿಂಗ್ ಮುಗಿದ ಮೇಲೆ ಇನ್ನೂ ತಿದ್ದುವುದು ಉಳಿದಿತ್ತು. ಅಕ್ಷರವನ್ನು ಮುಷ್ಟಿಯಷ್ಟು ದೊಡ್ಡದು ಮಾಡಿದರೆ ಮಾಸ್ತರರಿಗೆ ಪರದೆಯ ಮೇಲೆ ಅಷ್ಟಿಷ್ಟು ಕಾಣುತ್ತಿತ್ತು. ಪೂರ್ತಿ ನೋಡಿ ಮುಗಿಸಲಿ, ಆಮೇಲೆ ಪ್ರಿಂಟ್ ತೆಗೆದು ಹೊಲಿಗೆ ಹಾಕಿಸೋಣ ಎಂದುಕೊಂಡಿದ್ದೆವು. ಅಷ್ಟರಲ್ಲಿ ಗೆದ್ದಲು ಮೂರನೆಯ ಪುಸ್ತಕಕ್ಕೂ ಬಂತು. ದೇವರ ಹೆಸರಿದ್ದ ಕಾಗದವನ್ನು ಅವರಲ್ಲಿ ಕಸಕ್ಕೆ ಹಾಕುವುದಿಲ್ಲ, ಸುಡುವುದಿಲ್ಲ, ನೀರಿಗೆ ಬಿಡುತ್ತಾರೆ. 'ಥಂಡಾ' ಮಾಡುವುದು ಎನ್ನುತ್ತಾರೆ. ರಮಜಾನಿನ ಮುಂಚೆ ಪುಸ್ತಕಗಳನ್ನು ಥಂಡಾ ಮಾಡಲೇನು ಎಂದು ಮಾಸ್ತರರು ಫೋನು ಮಾಡಿ ಕೇಳಿದರು. ಕೇಳಿದರು ನೋಡಿ, ನನ್ನನ್ನು ಕೇಳಿದರು.

"ಮಾಡ್ರಿ ಸರ್. ಎಲ್ಲಾ ನನ್ನ ಕಡೆ ಐತ್ರಿ" ಎಂದೆ.

ಆ ಮಾತನ್ನು ನೆನೆದಾಗಲೆಲ್ಲ ನನ್ನ ನಾಲಿಗೆ ಕತ್ತರಿಸಿಕೊಳ್ಳಬೇಕು ಎನಿಸುತ್ತದೆ. ಮೂರೂ ಪುಸ್ತಕಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಲ್ಲು ಕಟ್ಟಿ, ಹಳೆಯ ಬಾವಿಗೆ ಬಿಟ್ಟರಂತೆ.

ಇನ್ನು ಲ್ಯಾಪ್‌ಟಾಪಿನ ಕತೆ. ಅದರ ಒಳಗೆ ಗಡಿಯಾರ ನಡೆಸುವ ಗುಂಡಿಯಂಥ ಸಣ್ಣ ಸೆಲ್ ಸತ್ತುಹೋಗಿತ್ತು. ದಿನಾ ಮುಂಜಾನೆ ಚಾಲೂ ಮಾಡಿದರೆ ತಾರೀಖು ತಪ್ಪಾಗಿದೆ ಎಂದು ಇಂಗ್ಲಿಷಿನಲ್ಲಿ ತಕರಾರು ತೆಗೆಯುತ್ತಿತ್ತು. ನಾನು ಒಂದು ಕೀಲಿ ಒತ್ತಿ ಮುಂದೆ ದೂಡುತ್ತಿದ್ದೆ. ಅವ್ವ ಒಮ್ಮೆ ಇದನ್ನು ನೋಡಿ, ನಾನು ಇಲ್ಲದಾಗ ಅದರ ದೊಡ್ಡ ಬ್ಯಾಟರಿಯನ್ನು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಇಟ್ಟಿದ್ದಳು. ಟಾರ್ಚಿನ ಸೆಲ್ಲಿಗೆ ಹಾಗೆ ಮಾಡಿದರೆ ನಾಲ್ಕು ದಿನ ಜಾಸ್ತಿ ಬರುತ್ತಿತ್ತಲ್ಲ ಎಂದಳು. ಅವತ್ತು ಅವಳ ಮೇಲೆ ಕೂಗಾಡಿದೆ. ಅವಳು ಮಾಡಿದ್ದರಿಂದ ಏನೂ ಕೆಡಲಿಲ್ಲ. ಕೆಡಿಸಿದ್ದು ನಾನು.

ಯಂತ್ರಕ್ಕೆ ಕರೆಂಟು ಸಿಕ್ಕ ಕೂಡಲೇ ಮೊದಲು ಏಳುವ ಒಂದು ಸಣ್ಣ ಪ್ರೋಗ್ರಾಂ ಇರುತ್ತದೆ. ನಿನಗೆ ಇಷ್ಟು ಮೆಮರಿ ಇದೆ, ಡಿಸ್ಕು ಇಲ್ಲಿದೆ, ಇನ್ನು ಏಳು ಎಂದು ಅದೇ ಹೇಳಬೇಕು. ನಾವು ಬಯಾಸ್ ಎನ್ನುತ್ತೇವೆ. ಅದನ್ನು ಹೊಸದು ಮಾಡಲೇ ಎಂದು ಲ್ಯಾಪ್‌ಟಾಪ್ ಬಹಳ ದಿನದಿಂದ ಕೇಳುತ್ತಿತ್ತು, ನಾನು ಆಮೇಲೆ ಆಮೇಲೆ ಎನ್ನುತ್ತಿದ್ದೆ. ಒಂದು ದಿನ ನನ್ನನ್ನು ಕೇಳದೆ ಶುರು ಮಾಡಿಕೊಂಡಿತು. ಪರದೆ ಕಪ್ಪಾಯಿತು, ಒಳಗಿನ ಫ್ಯಾನು ಭೋರೆಂದು ಸದ್ದು ಮಾಡತೊಡಗಿತು. ಅಂಗಡಿಯಲ್ಲಿ ಅರ್ಜಿ ಬರೆಸಲು ನಾಲ್ಕು ಮಂದಿ ನಿಂತಿದ್ದರು. ಐದು ನಿಮಿಷ ನೋಡಿದೆ. ಹಾಳಾಗಿ ಹೋಗು ಎಂದು ಬೈದು, ಚಾಲೂ ಮಾಡುವ ಗುಂಡಿಯನ್ನು ಆರುವವರೆಗೆ ಒತ್ತಿ ಹಿಡಿದೆ. ಇನ್ನೈದು ನಿಮಿಷ ಸುಮ್ಮನಿದ್ದಿದ್ದರೆ ಸಾಕಿತ್ತು.

ಮತ್ತೆ ಚಾಲೂ ಮಾಡಿದಾಗ ಪರದೆ ಬರಲೇ ಇಲ್ಲ. ಕ್ಯಾಪ್ಸ್ ಲಾಕ್ ದೀಪ ಮಾತ್ರ ಎರಡು ಸಲ ಮಿನುಗಿ ನಿಲ್ಲುವುದು, ಮತ್ತೆ ಎರಡು ಸಲ ಮಿನುಗುವುದು. ಮೊಬೈಲಿನಲ್ಲಿ ಹುಡುಕಿದೆ. ಬಯಾಸ್ ಕೆಟ್ಟಿದೆ ಎಂಬುದಕ್ಕೆ ಅದೇ ಸನ್ನೆಯಂತೆ. ಉಪಾಯವೂ ಅಲ್ಲೇ ಇತ್ತು: ಬೇರೆ ಕಂಪ್ಯೂಟರಿನಲ್ಲಿ ಬಯಾಸ್ ಇಳಿಸಿಕೊಂಡು, ಒಂದು ಪೆನ್‌ಡ್ರೈವ್ ಪೂರ್ತಿ ಅಳಿಸಿ ಅದಕ್ಕೆ ತುಂಬಿ, ಲ್ಯಾಪ್‌ಟಾಪಿಗೆ ಚುಚ್ಚಿ, ಎರಡು ಕೀಲಿ ಒತ್ತಿ ಹಿಡಿದು ಚಾಲೂ ಮಾಡಬೇಕು. ಇಷ್ಟೇನಾ ಎಂದು ಡ್ರಾವರಿಗೆ ಕೈ ಹಾಕಿದೆ.

ಡ್ರಾವರಿನಲ್ಲಿ ಒಂದೇ ಥರದ ನಾಲ್ಕು ಕಪ್ಪು ಪೆನ್‌ಡ್ರೈವ್‌ಗಳಿದ್ದವು. ಒಂದರಲ್ಲಿ ಮಾಸ್ತರರ ಪುಸ್ತಕದ ಇನ್ನೊಂದು ಪ್ರತಿ. ಗುರುತಿಗೆಂದು ಅದಕ್ಕೆ ಹಸಿ ಕುಂಕುಮದ ಬೊಟ್ಟು ಇಟ್ಟಿದ್ದೆ. ಬೊಟ್ಟಿದ್ದದ್ದನ್ನು ಮುಟ್ಟಬಾರದು ಎಂಬುದು ನನ್ನ ಲೆಕ್ಕ. ಆದರೆ ನಡುವೆ ಮಹಾನವಮಿ ಬಂದು ಹೋಗಿತ್ತು. ಖಂಡೆ ಪೂಜೆಗೆ ಅವ್ವ ಅಂಗಡಿಗೆ ಬಂದಳೆಂದರೆ ಯಾವುದನ್ನೂ ಬಿಡುವವಳಲ್ಲ. ಝೆರಾಕ್ಸ್ ಮಷೀನಿಗೆ, ಮೌಸಿಗೆ, ಸ್ಟೇಪ್ಲರಿಗೆ, ಕತ್ತರಿಗೆ ವಿಭೂತಿ ಕುಂಕುಮ ಹಚ್ಚುತ್ತಾಳೆ. ನಾನು ಡ್ರಾವರ್ ತೆರೆದಾಗ ನಾಲ್ಕೂ ಪೆನ್‌ಡ್ರೈವ್‌ಗಳಿಗೆ ಬೊಟ್ಟಿತ್ತು.

ಆಗ ಒಂದೊಂದಾಗಿ ತೆರೆದು ನೋಡಬೇಕಿತ್ತು. ನೋಡಲಿಲ್ಲ. ಲ್ಯಾಪ್‌ಟಾಪಿನ ಡಿಸ್ಕಿನಲ್ಲಿ ಎಲ್ಲ ಇದೆ, ಬಯಾಸ್ ಬಂದರೆ ಎಲ್ಲ ಬಂತು ಎಂಬ ಧೈರ್ಯ. ಕೈಗೆ ಬಂದದ್ದನ್ನು ಅಂಗಡಿಯ ಹಳೆಯ ಕಂಪ್ಯೂಟರಿಗೆ ಚುಚ್ಚಿದೆ. ಎಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ಆ ಪ್ರಶ್ನೆಗೆ ಹೂಂ ಎನ್ನುವುದು ನನಗೆ ರೂಢಿ.

ಬಯಾಸ್ ಒಂದೇ ಸಲಕ್ಕೆ ಬರಲಿಲ್ಲ. ಮೂರು ದಿನ ಹೆಣಗಿದೆ. ನಾಲ್ಕನೆಯ ದಿನ ಫ್ಯಾನು ಜೋರಾಗಿ ತಿರುಗಿ, ಪೀಂಪೀಂ ಎಂದು ಕೂಗಿ, ಪರದೆಯ ಮೇಲೆ ಕಂಪನಿಯ ಗುರುತು ಮೂಡಿತು. ನಾನು ಅಂಗಡಿಯಲ್ಲೇ ಚಪ್ಪಾಳೆ ತಟ್ಟಿದೆ. ಆದರೆ ಯಂತ್ರ ತನ್ನ ಗುರುತೆಲ್ಲ ಮರೆತಿತ್ತು. ಸೀರಿಯಲ್ ನಂಬರ್ ಇಲ್ಲ ಎಂದಿತು, ತಾರೀಖು ಇಲ್ಲ ಎಂದಿತು, ಡಿಸ್ಕು ಕಾಣುವುದಿಲ್ಲ ಎಂದಿತು. ಸೆಟ್ಟಿಂಗಿನ ಒಂದೊಂದು ಪುಟಕ್ಕೂ ಹೋಗಿ ಒಂದೊಂದೇ ಸರಿಪಡಿಸಿದೆ. ಹೊಸ ಸೆಲ್ ಹಾಕಿದೆ. ಡಿಸ್ಕನ್ನು ಓದುವ ರೀತಿ ಬದಲಾಗಿತ್ತು, ಮೊದಲಿನಂತೆ ಮಾಡಿದೆ. ವಿಂಡೋಸ್ ಏಳಲಿಲ್ಲವೆಂದು ವಿಂಡೋಸನ್ನೇ ಪೂರ್ತಿಯಾಗಿ ಅದೇ ಪೆನ್‌ಡ್ರೈವಿಗೆ ತುಂಬಿ, ಅದರಿಂದ ರಿಪೇರಿಗೆ ಕೊಟ್ಟೆ.

ಆಗ ನೀಲಿ ಪರದೆ ಬಂತು. ಡಿಸ್ಕಿಗೆ ಬೀಗ ಬಿದ್ದಿದೆ, ನಲವತ್ತೆಂಟು ಅಂಕಿಯ ಕೀಲಿ ಕೊಡು ಎಂದಿತು.

ನಾನು ಬೀಗ ಹಾಕಿರಲೇ ಇಲ್ಲ. ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದೆ. ಅಲ್ಲಿಯವನು ತಾಳ್ಮೆಯ ಮನುಷ್ಯ, ಬಿಡಿಸಿ ಹೇಳಿದ. ಇಂಥ ಕಂಪನಿ ಲ್ಯಾಪ್‌ಟಾಪುಗಳಲ್ಲಿ ಬೀಗ ತಾನಾಗಿಯೇ ಬೀಳುತ್ತದೆ. ಅದರ ಕೀಲಿ ಒಳಗಿನ ಒಂದು ಚಿಪ್ಪಿನಲ್ಲಿರುತ್ತದೆ. ಬಯಾಸ್ ಬದಲಾದರೆ ಚಿಪ್ಪಿಗೆ ಯಾರೋ ಕಳ್ಳರು ಬಂದಂತೆ ಅನುಮಾನ ಬಂದು ಕೀಲಿ ಕೊಡುವುದಿಲ್ಲ. ಕೀಲಿಯ ಇನ್ನೊಂದು ಪ್ರತಿ ಮಾರುವ ಮುಂಚೆ ತಮ್ಮ ಅಂಗಡಿಯಲ್ಲಿ ತೆರೆದ ಖಾತೆಗೆ ಹೋಗಿರುತ್ತದೆ, ಆ ಖಾತೆಯ ಪಾಸ್‌ವರ್ಡ್ ಹಾಕಿದ ಹುಡುಗಿ ಕೆಲಸ ಬಿಟ್ಟು ಬಹಳ ದಿನವಾಯಿತು. ಆಮೇಲೆ ಸಮಾಧಾನ ಹೇಳುವ ದನಿಯಲ್ಲಿ ಹೇಳಿದ.

"ಅಕ್ಕಾರ, ಡಿಸ್ಕ್ ಅಳಿಸಿ ಹೊಸದಾಗಿ ಹಾಕ್ಕೋರಿ. ಒಂದ ತಾಸಿನ ಕೆಲಸ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬುದನ್ನು ನಾನು ಎಷ್ಟೋ ಸಲ ಆಫೀಸುಗಳ ಬಗ್ಗೆ ಹೇಳಿದ್ದೆ. ಡಿಸ್ಕು ಗಟ್ಟಿಮುಟ್ಟಾಗಿದೆ, ಯಂತ್ರ ಎದ್ದು ಕೂತಿದೆ, ಮಾಸ್ತರರ ಮೂರೂ ಪುಸ್ತಕ ಒಳಗಿವೆ. ಒಂದು ಅಕ್ಷರ ಹೊರಗೆ ಬರುವುದಿಲ್ಲ. ಪರವಾಗಿಲ್ಲ, ಪ್ರತಿ ಇದೆಯಲ್ಲ ಎಂದು ಡ್ರಾವರಿನ ಉಳಿದ ಮೂರನ್ನು ಒಂದೊಂದಾಗಿ ಚುಚ್ಚಿದೆ. ಮೊದಲನೆಯದರಲ್ಲಿ ಲಗ್ನಪತ್ರಿಕೆಗಳು. ಎರಡನೆಯದರಲ್ಲಿ ಯಾರದೋ ಜಾತಿ ಪ್ರಮಾಣಪತ್ರಗಳು. ಮೂರನೆಯದು ಖಾಲಿ. ಮಾಸ್ತರರ ಪುಸ್ತಕವಿದ್ದದ್ದು ನಾನು ನಾಲ್ಕು ದಿನದಿಂದ ಅಳಿಸಿ, ಬರೆದು, ಮತ್ತೆ ಅಳಿಸಿ, ಕೊನೆಗೆ ವಿಂಡೋಸ್ ತುಂಬಿದ್ದರಲ್ಲಿ. ಅಳಿಸಿದ್ದನ್ನು ಮರಳಿ ತೆಗೆಯುವ ಪ್ರೋಗ್ರಾಮುಗಳನ್ನು ಓಡಿಸಿದೆ. ಯಾವುದೋ ಮದುವೆಯ ಅರ್ಧ ಫೋಟೋ ಬಂತು, ಅಷ್ಟೇ. ಊರಿನ ಮಂದಿಯ ಆಧಾರ್ ಕಾರ್ಡುಗಳನ್ನೆಲ್ಲ ದಿನಾ ವಾಟ್ಸಾಪಿನಲ್ಲಿ ಕಳಿಸುವ ನಾನು, ಅದೊಂದನ್ನು ನನ್ನ ಮೊಬೈಲಿಗೆ ಕಳಿಸಿಕೊಂಡಿರಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತು ಅತ್ತೆ.

ಮುಂದಿನ ವಾರ ಸವಣೂರಿಗೆ ಹೋದೆ. ಬಸ್ಸಿನುದ್ದಕ್ಕೂ ಒಂದೇ ಯತ್ನ: ನಾನು ಟೈಪ್ ಮಾಡಿದ್ದರಲ್ಲಿ ಯಾವುದಾದರೂ ನೆನಪಿದೆಯೇ? ಸಾವಿರಾರು ಸಾಲು ನನ್ನ ಕಿವಿಯಿಂದ ಬೆರಳಿಗೆ ಇಳಿದಿದ್ದವು, ತಲೆಗೆ ಒಂದೂ ಹತ್ತಿರಲಿಲ್ಲ. ಹಿರೇಕೆರೂರಿನ ಟೈಪಿಂಗ್ ಕ್ಲಾಸಿನಲ್ಲಿ ನಮಗೆ ಕಲಿಸಿದ್ದೇ ಅದು. ಅರ್ಥ ನೋಡಬೇಡಿ, ಅರ್ಥ ನೋಡಿದರೆ ವೇಗ ಬೀಳುತ್ತದೆ. ನನ್ನ ವೇಗ ಎಂದೂ ಬಿದ್ದಿಲ್ಲ. ಮಾಸ್ತರರು ತಾಯಿಯ ಸಾಲಿಗೆ ನಿಂತದ್ದು ನೆನಪಿತ್ತು, ಅವರು ಕುಡಿದ ಸ್ಟೀಲ್ ಲೋಟ ನೆನಪಿತ್ತು, ತಾಟಿನಲ್ಲಿ ಉಳಿದ ಖಾರ ನೆನಪಿತ್ತು. ಹೆಜ್ಜೆಯ ಲೆಕ್ಕ ಇಲ್ಲ. ಬಾಯಿಪಾಠವಾಗಿ ಬರುತ್ತಿದ್ದದ್ದು ನಾನು ಗೊಣಗಿಕೊಂಡು ಟೈಪ್ ಮಾಡಿದ ಆ ದೇವರ ಹೆಸರಿನ ಸಾಲೊಂದೇ.

ಮಾಸ್ತರರು ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಅಷ್ಟರಲ್ಲಿ ಅವರಿಗೆ ಬೆಳಕು ನೆರಳಿನ ಹೊರತು ಹೆಚ್ಚೇನೂ ಕಾಣುತ್ತಿರಲಿಲ್ಲ. ದನಿಯಿಂದಲೇ ನನ್ನ ಗುರುತು ಹಿಡಿದರು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ಗುಂಡಿ ಒತ್ತಿ ಹಿಡಿದದ್ದು, ಪೆನ್‌ಡ್ರೈವ್ ಅಳಿಸಿದ್ದು, ಬೀಗ ಬಿದ್ದದ್ದು, ಎಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಊರುಗೋಲಿನ ಹಿಡಿಯನ್ನು ಸವರಿದರು. ಹಬ್ಬಕ್ಕೆ ಬರುವ ಮಂದಿಗೆ ಏನು ಹೇಳುವುದು ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ತಂಗಿ, ನಮ್ಮವ್ವಂದು ಹುಣಸಿ ಗಿಡದಿಂದ ಪಡುವಲಕ್ಕ ಹದಿನೇಳು ಹೆಜ್ಜಿ. ಅಷ್ಟು ನೆನಪೈತಿ. ಪುಸ್ತಕದಾಗ ಐತೆಲ್ಲ ಅಂತ ಮುಂದಿಂದು ತಲ್ಯಾಗ ಇಟ್ಕೊಳ್ಳಲೇ ಇಲ್ಲ. ಅಲ್ಲಿಂದ ಬಡಗಲಕ್ಕ ಎಷ್ಟು ಟೈಪ್ ಮಾಡಿದ್ದಿ?"

ಅವರ ಮುಖ ನನ್ನ ಕಡೆಗಿತ್ತು. ಕಣ್ಣಿಗೆ ನಾನು ಕಾಣುವುದಿಲ್ಲವೆಂದು ಗೊತ್ತಿದ್ದರೂ ನನಗೆ ಆ ಮುಖ ನೋಡಲಾಗಲಿಲ್ಲ.

"ಒಂಬತ್ತು ಸರ್" ಎಂದೆ.

ಎಲ್ಲಿಂದ ಬಂತೋ ಆ ಒಂಬತ್ತು. ಬಾಯಿಗೆ ಬಂದದ್ದು ಬಂತು. ಕೈ ಬರಿದು ಮಾಡಿಕೊಂಡು ಬಂದವಳಿಗೆ ಏನಾದರೂ ಕೊಟ್ಟು ಹೋಗಬೇಕು ಎನಿಸಿತ್ತು.

"ಹೌದಲ್ಲ, ಒಂಬತ್ತು" ಎಂದರು. "ಬಾಯಾಗ ಬರಾಕತ್ತಿತ್ತು ನೋಡು."

ಆಗಲೇ ತಿದ್ದಿಕೊಳ್ಳಬಹುದಿತ್ತು. ಆದರೆ ಅವರು ಎದ್ದೇಬಿಟ್ಟಿದ್ದರು. ಸೊಸೆಯನ್ನು ಕರೆದು ಒಂಬತ್ತು ಎಂದು ಎರಡು ಸಲ ಹೇಳಿಸಿದರು, ಮರೆಯಬೇಡ ಎಂದರು. ಖಬರಸ್ತಾನ ಅವರ ಓಣಿಯ ಕೊನೆಗೇ ಇದೆ. ನಾನು ಬಾಗಿಲವರೆಗೆ ಕೈ ಹಿಡಿದು ಕರೆದುಕೊಂಡು ಹೋದೆ. ಅಲ್ಲಿ ಹೆಂಗಸರು ಒಳಗೆ ಹೋಗುವುದಿಲ್ಲ. ಅವರು ಹುಣಸೆ ಮರದ ಬೊಡ್ಡೆಯನ್ನು ತಡವಿ ಬೆನ್ನು ಕೊಟ್ಟು ನಿಂತರು. ಕೋಲೂರುತ್ತ ಹದಿನೇಳು ಹೆಜ್ಜೆ ಎಣಿಸಿದರು. ಬಲಕ್ಕೆ ತಿರುಗಿದರು. ಒಂಬತ್ತು ಎಣಿಸಿದರು. ಅಲ್ಲಿ ಕಾಲಡಿ ಬರೀ ಕರಕಿ ಹುಲ್ಲು. ಮೆಲ್ಲಗೆ ಕೂತು, ಬೊಗಸೆ ಎತ್ತಿ ಪ್ರಾರ್ಥಿಸಿ, ಆ ಬೊಗಸೆಯನ್ನು ಮುಖಕ್ಕೆ ಸವರಿಕೊಂಡರು. ಆಮೇಲೆ ಹುಲ್ಲಿನ ಮೇಲೆ ಅಂಗೈ ಇಟ್ಟು ಏನೋ ಮಾತಾಡಿದರು. ನನಗೆ ಕೇಳಿಸಲಿಲ್ಲ. ನಾನು ಬಾಗಿಲ ಕಂಬ ಹಿಡಿದು ನಿಂತೇ ಇದ್ದೆ.

ಮರಳಿ ಬರುವಾಗ ಅಲ್ಲಿ ಒಂದು ಗುರುತಿನ ಕಲ್ಲು ಹಾಕಿಸುತ್ತೇನೆ ಎಂದರು, ಇನ್ನು ಪುಸ್ತಕದ ಹಂಗು ಬೇಡ. ಮನೆ ಬಂದ ಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು.

"ಆ ಮಷೀನ್ ಗುಜರಿಗೆ ಹಾಕಬ್ಯಾಡವ್ವಾ. ಅದರೊಳಗ ಹಾಳಿಗೊಮ್ಮೆ ದೇವರ ಹೆಸರೈತಿ."

ಹೋದ ಮಳೆಗಾಲದಲ್ಲಿ ಮಾಸ್ತರರು ತೀರಿಕೊಂಡರು. ಸುದ್ದಿ ತಿಳಿದು ನಾನು ಶಿಗ್ಗಾಂವಿ ದಾಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರು ಹೇಳಿದಂತೆಯೇ ಕಲ್ಲಿನ ಮಗ್ಗುಲಲ್ಲೇ ಇಟ್ಟೆವು, ಮಾವನವರ ಆಸೆ ತೀರಿತು ಎಂದು ಸೊಸೆ ಹೇಳಿದಳು. ಚಲೋ ಆತು ಎಂದೆ. ಅಲ್ಲಿ ಯಾರ ಅವ್ವ ಮಲಗಿದ್ದಾಳೋ, ಯಾರ ಮಗ ಮಲಗಿದ್ದಾನೋ ನನಗೆ ಗೊತ್ತಿಲ್ಲ.

ಲ್ಯಾಪ್‌ಟಾಪ್ ಅಂಗಡಿಯ ಗೋಡೆಯ ಗೂಡಿನಲ್ಲಿ, ದೇವರ ಫೋಟೋದ ಪಕ್ಕದಲ್ಲಿದೆ. ಖಂಡೆ ಪೂಜೆಗೆ ಅವ್ವ ಅದಕ್ಕೂ ಕುಂಕುಮ ಹಚ್ಚುತ್ತಾಳೆ. ಮೊನ್ನೆ ಹುಬ್ಬಳ್ಳಿಯವನು ಫೋನು ಮಾಡಿ, ಅಕ್ಕಾರ, ಆ ಹುಡುಗಿ ಸಿಕ್ಕಾಳ, ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿ ನೋಡಲೇನು, ಡಿಸ್ಕಿನ ಬೀಗ ತೆಗೆಯಬಹುದು ಎಂದ. ನಾನು ಬೇಡ ಎಂದೆ.